ಹೊಸದಾಗಿ ಹಾಡು ಕಲಿಯುವವರ ಗಂಟಲು ನೋವು: ಮೊದಲು ಶ್ರುತಿ ನೋಡಿ, ಕಷಾಯ ಆಮೇಲೆ

ಮುಂಬೈ ಸುತ್ತಮುತ್ತ, ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಈಗ ನಲವತ್ತು ದಾಟಿದ ಮೇಲೆ ಹಾಡು ಕಲಿಯಲು ಶುರು ಮಾಡುವ ಕನ್ನಡದವರು ತುಂಬಾ ಜನ ಇದ್ದಾರೆ. ಮಕ್ಕಳು ಕಾಲೇಜಿಗೆ ಹೋದರು, ಮನೆ ಸಾಲ ಸ್ವಲ್ಪ ಹಗುರಾಯಿತು, ಭಜನಾ ಮಂಡಳಿಯಲ್ಲಿ ಹಿಂದೆ ಕೂತು ತಾಳ ಹಾಕಿದ್ದು ಸಾಕು, ಇನ್ನು ನಾನೂ ಒಂದು ದಾಸರ ಪದ ನೆಟ್ಟಗೆ ಹೇಳಬೇಕು ಅಂತ ಬರುತ್ತಾರೆ. ಭಾನುವಾರ ಅಂಥವರ ಜೊತೆ ಕೂತು ಸರಿಗಮ ಹೇಳಿಸುವುದು ನನ್ನ ಕೆಲಸ. ಮೊದಲ ತಿಂಗಳು ಯಾರೂ ರಾಗದ ಬಗ್ಗೆ ಕೇಳುವುದಿಲ್ಲ. ಗಂಟಲು ಉರಿಯುತ್ತೆ, ಕಾಲು ಜೋಮು ಹಿಡಿಯುತ್ತೆ, ಮೇಲಿನ ಸಾ ಹತ್ತಿರ ದನಿ ಒಡೆಯುತ್ತೆ, ತಲೆ ಸುತ್ತುತ್ತೆ ಅಂತಲೇ ಕೇಳುತ್ತಾರೆ. ರೂಢಿಯಾದರೆ ಸರಿಹೋಗುತ್ತೆ ಅನ್ನುವ ಉತ್ತರ ಎಲ್ಲರ ಬಾಯಲ್ಲೂ ಸಿದ್ಧ. ಕಾಲಿನ ಜೋಮು ಸರಿಹೋಗಬಹುದು. ಗಂಟಲು ನೋವು ಹಾಗೆ ಹೋಗುವುದಿಲ್ಲ, ಅದನ್ನು ರೂಢಿ ಮಾಡಿಕೊಳ್ಳಲೂ ಬಾರದು.

ಮತ್ತೆ ಗಂಟಲು ನೋವಿನ ಕಾರಣವನ್ನು ಗಂಟಲಲ್ಲಿ ಹುಡುಕಬೇಡಿ. ನಾನು ನೋಡಿದ ಮಟ್ಟಿಗೆ ಅದು ಹೆಚ್ಚಾಗಿ ಇರುವುದು ಹಾರ್ಮೋನಿಯಂ ಮೇಲೆ, ಕೂರುವ ಚಾಪೆಯ ಮೇಲೆ, ಇಲ್ಲ ರಾತ್ರಿ ಊಟದ ತಟ್ಟೆಯಲ್ಲಿ.

ನೋವು ಎಲ್ಲಿ?

ಬೆನ್ನು, ಪಕ್ಕೆ, ಹೊಟ್ಟೆಯ ಸ್ನಾಯು ಮೊದಮೊದಲು ದಣಿಯುವುದು ಸಹಜ. ಇಡೀ ದಿನ ಆಫೀಸಿನ ಕುರ್ಚಿಯಲ್ಲಿ ಕುಗ್ಗಿ ಕೂತ ಮೈ ಅದು. ಗಂಟಲಿನ ಲೆಕ್ಕ ಬೇರೆ. ಹಾಡುವಾಗ ಚುಚ್ಚಿದರೆ, ಉರಿದರೆ, ಮುಗಿಸಿದ ಮೇಲೆ ಮಾತಾಡುವ ದನಿ ಗೊಗ್ಗರಾದರೆ ಅವತ್ತಿಗೆ ನಿಲ್ಲಿಸಿ.

ಧ್ವನಿತಂತುಗಳಿಗೇ ಪೆಟ್ಟಾದಾಗ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ನಮಗೆ ನೋಯುವುದು ಹೆಚ್ಚಾಗಿ ಸುತ್ತಲಿನ ಸ್ನಾಯು. ಹಾಗಾಗಿ ನೋವಿಲ್ಲ ಅಂತ ಸಮಾಧಾನ ಪಡಬೇಡಿ, ದನಿ ಒರಟಾಗಿದೆಯಾ ಅಂತ ಕೇಳಿಸಿಕೊಳ್ಳಿ. ರಿಯಾಜ್‌ಗೆ (ಹಾಡಿನ ಅಭ್ಯಾಸಕ್ಕೆ) ಮುಂಚೆ ಫೋನಿನಲ್ಲಿ ಯಾವುದಾದರೂ ಒಂದು ವಾಕ್ಯ ಮಾತಾಡಿ ರೆಕಾರ್ಡ್ ಮಾಡಿ. ಮುಗಿದ ಮೇಲೆ ಅದೇ ವಾಕ್ಯ ಮತ್ತೊಮ್ಮೆ. ಎರಡನೆಯದು ಕರಕರ ಅಂದರೆ ಎಲ್ಲೋ ಒತ್ತಿ ಹಾಡಿದ್ದೀರಿ.

ಆ ತಂತುಗಳು ಎಷ್ಟು ಚಿಕ್ಕವು ಅಂತ ಗೊತ್ತಾದರೆ ಒತ್ತುವ ಧೈರ್ಯ ತಾನಾಗಿ ಇಳಿಯುತ್ತದೆ. ಹೆಂಗಸರಲ್ಲಿ ಒಂದೂವರೆ ಸೆಂಟಿಮೀಟರ್ ಆಸುಪಾಸು, ಗಂಡಸರಲ್ಲಿ ಎರಡರ ಹತ್ತಿರ, ಅಷ್ಟೇ. ಕಾಳಿ ಒಂದು ಅಂದರೆ ಹಾರ್ಮೋನಿಯಂನ ಸಪ್ತಕದಲ್ಲಿ ಮೊದಲ ಕರಿ ಮನೆ (ಕೀ), ಕಾಳಿ ನಾಲ್ಕು ಅಂದರೆ ನಾಲ್ಕನೆಯದು; ಅದನ್ನೇ ಸಾ ಮಾಡಿಕೊಂಡು ಹಾಡುವುದು. ಕಾಳಿ ಒಂದರಲ್ಲಿ ಹಾಡುವ ಗಂಡಸು ಮಧ್ಯ ಸಪ್ತಕದ ಸಾ ಹಿಡಿದಾಗ ಅವು ಸೆಕೆಂಡಿಗೆ ಸುಮಾರು 139 ಸಲ ಕಂಪಿಸುತ್ತವೆ. ಕಾಳಿ ನಾಲ್ಕರಲ್ಲಿ ಹಾಡುವ ಹೆಂಗಸಿಗೆ ಸುಮಾರು 208. ತಾರ ಸಾ, ಅಂದರೆ ಮೇಲಿನ ಸಪ್ತಕದ ಸಾ, ಅದರ ಎರಡರಷ್ಟು. ಪ್ರತಿ ಕಂಪನದಲ್ಲೂ ಎರಡು ತಂತು ಒಂದಕ್ಕೊಂದು ತಾಕುತ್ತವೆ, ಜೋರು ಮಾಡಿದಷ್ಟೂ ಬಡಿತ ಜಾಸ್ತಿ.

ನಿಮ್ಮ ಸಾ ಹುಡುಕಿ

ಹೊಸಬರ ಅರ್ಧಕ್ಕರ್ಧ ತೊಂದರೆ ತಪ್ಪು ಶ್ರುತಿಯದ್ದು, ಅಂದರೆ ತಮಗೆ ಹೊಂದದ ಎತ್ತರದಲ್ಲಿ ಸಾ ಹಿಡಿದದ್ದು. ಮಾಟುಂಗಾದ ಕರ್ನಾಟಕ ಸಂಗೀತದ ಕ್ಲಾಸಿನಲ್ಲಿ ಐದೂವರೆ ಮನೆ ಅನ್ನುತ್ತಾರೆ, ಡೊಂಬಿವಲಿಯ ಹಿಂದೂಸ್ತಾನಿ ಕ್ಲಾಸಿನಲ್ಲಿ ಕಾಳಿ ಚಾರ್ (ಕಾಳಿ ನಾಲ್ಕು) ಅನ್ನುತ್ತಾರೆ, ಎರಡೂ ಹಾರ್ಮೋನಿಯಂನ ಒಂದೇ ಕರಿ ಮನೆ. ಹೆಸರು ಏನೇ ಇರಲಿ, ಅದು ನಿಮ್ಮದಾ ಅನ್ನುವುದು ಪ್ರಶ್ನೆ.

ಇದನ್ನು ಸಂಜೆ ನೋಡಿ. ಬೆಳಿಗ್ಗೆ ಎದ್ದ ಕೂಡಲೇ ದನಿ ತಗ್ಗಿರುತ್ತದೆ, ಆಗ ಅಳೆದರೆ ಲೆಕ್ಕ ತಪ್ಪುತ್ತದೆ. ಹಾರ್ಮೋನಿಯಂ ಇದ್ದರೆ ಸರಿ, ಇಲ್ಲದಿದ್ದರೆ ಫೋನಿನ ಆಪ್ ಸಾಕು. ನೀವು ಮಾತಾಡುವ ಎತ್ತರದಿಂದ ಶುರು ಮಾಡಿ, ‘ಆ’ ಅನ್ನುತ್ತಾ ಒಂದೊಂದೇ ಮನೆ ಕೆಳಗೆ ಇಳಿಯಿರಿ. ಕರಿ ಮನೆಯನ್ನೂ ಬಿಡಬೇಡಿ. ಗೊರಗೊರ ಅನ್ನದೆ, ಗದ್ದ ಎದೆಗೆ ಒತ್ತದೆ, ಸ್ಪಷ್ಟವಾಗಿ ಕೇಳುವ ಕೊನೆಯ ಸ್ವರ ಯಾವುದು ನೋಡಿ. ಅದನ್ನು ಮಂದ್ರದ (ಕೆಳಗಿನ ಸಪ್ತಕದ) ಪ ಅಂದುಕೊಳ್ಳಿ. ಅಲ್ಲಿಂದ ಕರಿ ಬಿಳಿ ಎರಡನ್ನೂ ಎಣಿಸುತ್ತಾ ಐದು ಮನೆ ಮೇಲೆ ಬಂದರೆ ಸಿಗುವುದು ನಿಮ್ಮ ಸಾ. ಗಂಡಸರಿಗೆ ಕೆಳಗೆ ಕಾಳಿ ನಾಲ್ಕರವರೆಗೆ ಸ್ಪಷ್ಟವಾಗಿ ಇಳಿದರೆ ಸಾ ಬಂದು ಕಾಳಿ ಒಂದಕ್ಕೆ ನಿಲ್ಲುತ್ತದೆ. ಹೆಂಗಸರಿಗೆ ಕಾಳಿ ಎರಡರವರೆಗೆ ಇಳಿದರೆ ಸಾ ಕಾಳಿ ನಾಲ್ಕು. ಆಮೇಲೆ ಮೇಲೆ ಹತ್ತಿ ನೋಡಿ. ತಾರ ಸಪ್ತಕದ ಗ ವರೆಗೆ ಕತ್ತು ಚಾಚದೆ ಹೋಗುವುದಕ್ಕೆ ಆಗಬೇಕು. ಆಗದಿದ್ದರೆ ಸಾ ಅನ್ನು ಕರಿಯೋ ಬಿಳಿಯೋ ಪಕ್ಕದ ಒಂದು ಮನೆ ಇಳಿಸಿ. ಸದ್ಯಕ್ಕೆ ಅಷ್ಟು ಸಾಕು, ತಾರ ಪ ನಿಧಾನಕ್ಕೆ ಬರುತ್ತದೆ.

ಆದರೆ ನಿಜವಾದ ಗೋಳು ಕ್ಲಾಸಿನದ್ದು. ಒಂದು ಬ್ಯಾಚಿನಲ್ಲಿ ಹೆಂಗಸರೇ ಜಾಸ್ತಿ, ಮೂಲೆಯಲ್ಲಿ ಒಬ್ಬರೋ ಇಬ್ಬರೋ ಗಂಡಸರು, ಟೀಚರ್ ಕಾಳಿ ಚಾರ್ ಹಿಡಿದು ಎಲ್ಲರಿಗೂ ಪಲ್ಟಾ (ಸ್ವರಗಳ ಸರಣಿ) ಹೇಳಿಸುತ್ತಾರೆ. ಆ ಗಂಡಸರು ಹೆಂಗಸರ ಸಾ ಹಿಡಿದರೆ ತಾರ ಸಾ ಹೊತ್ತಿಗೆ ಕಿರುಚಬೇಕು, ಒಂದು ಸಪ್ತಕ ಕೆಳಗೆ ಇಳಿದರೆ ಮಂದ್ರದಲ್ಲಿ ದನಿಯೇ ಇಲ್ಲ. ಪಾಪ, ತಮಗೆ ಸ್ವರಜ್ಞಾನವೇ ಇಲ್ಲ ಅಂತ ಅಂದುಕೊಂಡು ಮೂರನೇ ತಿಂಗಳಿಗೆ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಕೇಳಿ. “ಸರ್, ಕೊನೆಯ ಹದಿನೈದು ನಿಮಿಷ ಕಾಳಿ ಒಂದರಲ್ಲಿ ಹೇಳಿಸಬಹುದಾ?” ಅಂದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಕೇಳಲು ಸಂಕೋಚ ಅಂದರೆ ಕ್ಲಾಸಿನಲ್ಲಿ ಸುಲಭಕ್ಕೆ ಸಿಗುವ ಸ್ವರ ಮಾತ್ರ ಹಾಡಿ, ಉಳಿದದ್ದಕ್ಕೆ ಸುಮ್ನೆ ಕೇಳಿಸಿಕೊಳ್ಳಿ, ಪಾಠ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ನಿಮ್ಮ ಸಾ ಹಿಡಿದು ಅದೇ ಪಲ್ಟಾ ಮಾಡಿ. ಭಜನೆಯಲ್ಲೂ ಇದೇ. ಹಾರ್ಮೋನಿಯಂ ನುಡಿಸುವವರಿಗೆ ಯಾವ ಮನೆ ಕೈಗೆ ಸುಲಭವೋ ಅದೇ ಎಲ್ಲರ ಶ್ರುತಿ ಆಗಿಬಿಡುತ್ತದೆ. ಎತ್ತರ ಆಯಿತು ಅನ್ನಿಸಿದರೆ ಕೆಳಗಿನ ಸಪ್ತಕಕ್ಕೆ ಬನ್ನಿ. ಅದೂ ಆಗದಿದ್ದರೆ ತಾಳ ಹಾಕಿ, ದೇವರು ಏನೂ ಅಂದುಕೊಳ್ಳುವುದಿಲ್ಲ.

ಸದ್ದಿನ ಊರಲ್ಲಿ ಹಾಡುವುದು

ಸುತ್ತ ಗಲಾಟೆ ಇದ್ದರೆ ನಮಗೆ ಗೊತ್ತಿಲ್ಲದೆ ದನಿ ಏರುತ್ತದೆ. ಲೋಕಲ್ ಟ್ರೇನಿನಲ್ಲಿ ಕಲ್ಯಾಣದಿಂದ ದಾದರ್‌ವರೆಗೆ ಫೋನಿನಲ್ಲಿ ಮಾತಾಡಿ ಇಳಿದವರ ಗಂಟಲು ಆಗಲೇ ಒಂದು ಸಂಗೀತ ಕಛೇರಿ ಮುಗಿಸಿದಷ್ಟು ದಣಿದಿರುತ್ತದೆ. ಕ್ಲಾಸ್ ಇರುವ ದಿನ ಟ್ರೇನಿನಲ್ಲಿ ಮೆಸೇಜ್ ಮಾಡಿ, ಮಾತು ಬೇಡ.

ಮನೆಯಲ್ಲಿ ತಾನ್ಪುರ ಆಪ್ ಜೋರಾಗಿ ಇಟ್ಟರೂ ಇದೇ ಕಥೆ. ಅದರ ಮೇಲೆ ನಿಮ್ಮ ದನಿ ಕೇಳಬೇಕು ಅಂತ ನೀವು ಇನ್ನೂ ಜೋರು ಮಾಡುತ್ತೀರಿ. ನಿಮ್ಮ ದನಿಗಿಂತ ತಾನ್ಪುರ ಮೆಲ್ಲಗಿರಲಿ. ಇಯರ್‌ಫೋನ್ ಹಾಕುವುದಾದರೆ ಒಂದೇ ಕಿವಿಗೆ ಹಾಕಿ. ಎರಡೂ ಕಿವಿ ಮುಚ್ಚಿದರೆ ನಿಮ್ಮ ದನಿ ನಿಮಗೆ ಸರಿಯಾಗಿ ಕೇಳುವುದಿಲ್ಲ, ಶ್ರುತಿಯೂ ಜಾರುತ್ತದೆ, ಗಂಟಲೂ ಬಿಗಿಯುತ್ತದೆ.

ಇದಕ್ಕೆ ಉಲ್ಟಾ ಕಾಯಿಲೆಯೂ ಇದೆ, ಮುಂಬೈ ಫ್ಲ್ಯಾಟಿನ ಕಾಯಿಲೆ. ಪಕ್ಕದ ಮನೆಯವರಿಗೆ ಕೇಳಿಸುತ್ತೆ ಅಂತ ಪಿಸುಗುಟ್ಟುವ ಹಾಗೆ ಹಾಡುವುದು. ಗಾಳಿ ತುಂಬಿದ, ಅರ್ಧ ದನಿಯ ಹಾಡು ಗಂಟಲಿಗೆ ಸುಖ ಅಂತ ಅನ್ನಿಸುತ್ತದೆ. ಅಲ್ಲ. ತಂತುಗಳು ಸರಿಯಾಗಿ ಸೇರದೆ ಗಾಳಿ ಸೋರುತ್ತದೆ, ಉಸಿರು ಬೇಗ ಮುಗಿಯುತ್ತದೆ, ಅದನ್ನು ಹಿಡಿದಿಡಲು ಕತ್ತಿನ ಸ್ನಾಯು ಬಿಗಿಯುತ್ತದೆ. ಪಕ್ಕದವರನ್ನು ಒಂದು ಮಾತು ಕೇಳಿ, ಸಂಜೆ ಅರ್ಧ ಗಂಟೆ ಪರವಾಗಿಲ್ವಾ ಅಂತ. ಒಪ್ಪುತ್ತಾರೆ, ಅವರ ಮನೆ ಮಿಕ್ಸರ್ ಸದ್ದು ನೀವು ಕೇಳುತ್ತಿಲ್ವಾ? ಕೂರುವಾಗ ಖಾಲಿ ಗೋಡೆಗೆ ಮುಖ ಮಾಡಿ ಕೂತರೆ ನಿಮ್ಮ ದನಿ ವಾಪಸ್ ಬರುತ್ತದೆ, ಆಗ ಜೋರು ಮಾಡಬೇಕು ಅನ್ನಿಸುವುದಿಲ್ಲ. ಪರದೆ, ಹಾಸಿಗೆ ತುಂಬಿದ ಕೋಣೆ ಸದ್ದು ನುಂಗುತ್ತದೆ.

ಗಣಪತಿ ಹಬ್ಬದ ದಿನಗಳಲ್ಲಿ ಸೊಸೈಟಿಯ ಆರತಿಗೆ ನಿಂತು ಕೂಗಿ ಬಂದ ಮರುದಿನ ರಿಯಾಜ್ ಬೇಡ.

ಇನ್ನು ಅನುಕರಣೆ. ಗದಗ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ತಮ್ಮ ಗುರುವಿನ ನೆನಪಿಗೆ 1953ರಲ್ಲಿ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವ ಡಿಸೆಂಬರಿನಲ್ಲಿ ನಡೆಯುತ್ತದಲ್ಲ, ಅದು ಮುಗಿದ ವಾರ ನನ್ನ ಹತ್ತಿರ ಬರುವ ಗಂಡಸರ ಗಂಟಲು ಕೆಟ್ಟಿರುತ್ತದೆ. ಎಲ್ಲರಿಗೂ ಆ ಗುಡುಗು ಬೇಕು. ಹೆಂಗಸರಲ್ಲಿ ಕೆಲವರಿಗೆ ಗಂಗೂಬಾಯಿ ಹಾನಗಲ್ ಅವರ ದಪ್ಪ ದನಿ ಬೇಕು. ಗಂಗೂಬಾಯಿಯವರ ದನಿ ಮೊದಲು ಹಾಗಿರಲಿಲ್ಲ, ಟಾನ್ಸಿಲ್ ಚಿಕಿತ್ಸೆ ಆದ ಮೇಲೆ ತಗ್ಗಿತು. ಅದನ್ನು ಗಂಟಲು ಒತ್ತಿ ತರುವುದಕ್ಕೆ ಆಗುವುದಿಲ್ಲ. ಅವರಿಂದ ಸ್ವರ ಕಲಿಯಿರಿ, ನಿಲ್ಲುವ ಜಾಗ ಕಲಿಯಿರಿ. ದನಿ ನಿಮ್ಮದೇ ಇರಲಿ.

ಕೂರುವುದು

ಚಕ್ಕಳಮಕ್ಕಳ ಹಾಕಿ ನೇರ ನೆಲಕ್ಕೆ ಕೂತರೆ ಹೆಚ್ಚಿನವರ ಸೊಂಟ ಹಿಂದಕ್ಕೆ ಬೀಳುತ್ತದೆ, ಬೆನ್ನು ಗೂನಾಗುತ್ತದೆ, ಕತ್ತು ಮುಂದೆ ಬರುತ್ತದೆ. ಆ ಕತ್ತಿನಿಂದ ಹಾಡು ಬರಬೇಕು! ಕಂಬಳಿಯನ್ನು ನಾಲ್ಕು ಬೆರಳು ದಪ್ಪ ಮಡಚಿ ಪೃಷ್ಠದ ಕೆಳಗೆ ಮಾತ್ರ ಇಡಿ, ತೊಡೆಯ ಕೆಳಗೆ ಬೇಡ. ಮಂಡಿ ಸೊಂಟಕ್ಕಿಂತ ತಗ್ಗಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕಾಲು ಬದಲಿಸಿ, ಜೋಮು ಹಿಡಿಯುವವರೆಗೆ ಕಾಯಬೇಡಿ. ಮಂಡಿ ನೋವಿದ್ದವರು ಕುರ್ಚಿಯಲ್ಲಿ ಕೂರಿ, ಪಾದ ಎರಡೂ ನೆಲಕ್ಕೆ ತಾಗಲಿ, ಬೆನ್ನಿಗೆ ಒರಗಬೇಡಿ. ನೆಲದಲ್ಲಿ ಕೂರದಿದ್ದರೆ ಸಂಗೀತ ಅಲ್ಲ ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಪುಸ್ತಕ, ಫೋನ್ ನೆಲದ ಮೇಲಿಟ್ಟು ಬಗ್ಗಿ ನೋಡುತ್ತಾ ಹಾಡಿದರೆ ಗದ್ದ ಗಂಟಲನ್ನು ಒತ್ತುತ್ತದೆ. ಅವಲಕ್ಕಿ ಡಬ್ಬಿಯ ಮೇಲಾದರೂ ಇಟ್ಟು ಕಣ್ಣಿನ ಮಟ್ಟಕ್ಕೆ ತನ್ನಿ. ಹಾರ್ಮೋನಿಯಂ ನುಡಿಸುತ್ತಾ ಹಾಡುವವರಿಗೆ ತಿದಿ ಎಳೆಯುವ ಕಡೆಯ ಭುಜ ಕಿವಿಗೆ ಏರುತ್ತದೆ. ಕನ್ನಡಿ ಮುಂದೆ ಒಮ್ಮೆ ಕೂತು ನೋಡಿ, ನೀವೇ ನಗುತ್ತೀರಿ. ಹೊಸಬರಿಗೆ ನನ್ನ ಸಲಹೆ, ಮೊದಲ ಆರು ತಿಂಗಳು ತಾನ್ಪುರ ಸಾಕು, ಹಾರ್ಮೋನಿಯಂ ಶ್ರುತಿ ಹುಡುಕಲು ಮಾತ್ರ.

ಉಸಿರು, ದವಡೆ, ನಾಲಿಗೆ

ಉಸಿರು ಸಾಲದು ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚಿನವರಿಗೆ ಆಗಿರುವುದು ಉಸಿರು ಜಾಸ್ತಿ. ಭುಜ ಎತ್ತಿ ಎದೆ ತುಂಬ ಎಳೆದುಕೊಂಡು, ಬಾಯಿಯವರೆಗೆ ತುಂಬಿದ ಕೊಡ ಹೊತ್ತವರ ಹಾಗೆ ಬಿಗಿಯಾಗಿ ನಿಂತು, ಮೊದಲ ಸ್ವರಕ್ಕೇ ಅರ್ಧ ಚೆಲ್ಲಿಬಿಡುತ್ತಾರೆ. ಮಾತಾಡುವಾಗ ಎಷ್ಟು ಎಳೆಯುತ್ತೀರೋ ಅದಕ್ಕಿಂತ ಸ್ವಲ್ಪ ಜಾಸ್ತಿ ಸಾಕು. ಕೈ ಪಕ್ಕೆಯ ಮೇಲಿಡಿ, ಉಸಿರು ಬಂದಾಗ ಕೈ ಹೊರಗೆ ಹೋಗಬೇಕು, ಭುಜ ಅಲ್ಲಾಡಬಾರದು. ಆಮೇಲೆ ‘ಸ್ಸ್‌’ ಅಂತ ಒಂದೇ ಸಮ ಬಿಡಿ. ಹದಿನೈದು ಸೆಕೆಂಡ್ ಆರಾಮಾಗಿ ಬಂದರೆ ಒಂದು ಸಾಲು ಹಾಡಲು ಅಷ್ಟು ಬೇಕಾದಷ್ಟಾಯಿತು.

ತಲೆ ಸುತ್ತುವುದು ಮೇಲಿಂದ ಮೇಲೆ ದೊಡ್ಡ ಉಸಿರು ಎಳೆದದ್ದಕ್ಕೆ, ಇಲ್ಲ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೂತದ್ದಕ್ಕೆ. ನಿಲ್ಲಿಸಿ, ಸುಮ್ನೆ ಮೂಗಿನಲ್ಲಿ ಉಸಿರಾಡಿ, ಒಂದು ಬಾಳೆಹಣ್ಣು ತಿನ್ನಿ. ಉಸಿರು ಸರಿ ಮಾಡಿದ ಮೇಲೂ ಪದೇ ಪದೇ ಆದರೆ ಬಿಪಿ ನೋಡಿಸಿ.

ನಾಲಿಗೆಯ ಬುಡ ಬಿಗಿಯುವುದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಗದ್ದದ ಕೆಳಗಿನ ಮೆತ್ತನೆಯ ಜಾಗಕ್ಕೆ ಹೆಬ್ಬೆರಳು ಇಟ್ಟು ಸಾ ದಿಂದ ಮೇಲೆ ಹತ್ತಿ. ಪ ದಾಟಿದ ಮೇಲೆ ಅದು ಗಟ್ಟಿಯಾಗಿ ಬೆರಳನ್ನು ತಳ್ಳಿದರೆ ನಾಲಿಗೆ ಹಿಂದಕ್ಕೆ ಎಳೆದುಕೊಂಡು ಕೂತಿದೆ ಅಂತ ಅರ್ಥ. ನಾಲಿಗೆಯ ತುದಿ ಕೆಳಹಲ್ಲಿಗೆ ತಾಗಿರಲಿ. ನಮ್ಮ ಅಕ್ಷರಮಾಲೆಯ ‘ಙ’ ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ಅಙ್...’ ಅಂತ ಮೂಗಿನಲ್ಲಿ ಸ್ವರ ಹಿಡಿದು, ಅಲ್ಲಿಂದ ಏನೂ ಒತ್ತದೆ ‘ಆ’ ಗೆ ಬಿಚ್ಚಿಕೊಳ್ಳಿ. ದಿನಾ ಎರಡು ನಿಮಿಷ ಮಾಡಿ ನೋಡಿ. ದವಡೆ ನೋಯುವವರು ಕಿವಿಯ ಮುಂದಿನ ಸ್ನಾಯುವನ್ನು ಬೆರಳಿನಿಂದ ಉಜ್ಜಿ, ಹಾಡುವಾಗ ಹಿಂದಿನ ಹಲ್ಲುಗಳ ನಡುವೆ ಕಿರುಬೆರಳಿನಷ್ಟು ಜಾಗ ಇರಲಿ. ರೂಪಾಯಿ ಎಣಿಸುವಾಗ ಹಲ್ಲು ಕಚ್ಚುವ ಅಭ್ಯಾಸ ಇದ್ದವರಿಗೆ ಈ ನೋವು ಜಾಸ್ತಿ.

ದನಿ ಒಡೆಯುವ ಜಾಗ

ಎದೆಯ ದಪ್ಪ ದನಿಯಿಂದ ತಲೆಯ ಹಗುರ ದನಿಗೆ ದಾಟುವ ಜಾಗದಲ್ಲಿ ಒಡೆಯುವುದು ದೋಷ ಅಲ್ಲ, ಎಲ್ಲರಿಗೂ ಇದೆ. ಕಾಳಿ ನಾಲ್ಕರ ಹೆಂಗಸರಿಗೆ ಸಾಮಾನ್ಯವಾಗಿ ಪ ದಿಂದ ನಿ ನಡುವೆ, ಕಾಳಿ ಒಂದರ ಗಂಡಸರಿಗೆ ತಾರ ರಿ, ಗ ಹತ್ತಿರ. ಅಲ್ಲಿ ಜೋರು ಮಾಡಿ ದಾಟಿಸಲು ಹೋದಾಗಲೇ ಗಂಟಲು ಹಿಡಿಯುವುದು. ಸದ್ದು ಇಳಿಸಿ. ‘ಊ’ ಅನ್ನುತ್ತಾ ಪ ದಿಂದ ತಾರ ಸಾ ಗೆ ಮೀಂಡ್ ಹಾಗೆ ಮೆಲ್ಲಗೆ ಜಾರಿ, ವಾಪಸ್ ಬನ್ನಿ. ದನಿ ಸಣ್ಣಗಾದರೆ ಆಗಲಿ. ಅದು ಗಟ್ಟಿಯಾಗುವುದಕ್ಕೆ ತಿಂಗಳುಗಳು ಬೇಕು.

ಶುರು ಮಾಡುವ ಮುಂಚೆ ಸ್ಟ್ರಾ ಅಭ್ಯಾಸ ಮಾಡಿ, ಇದರಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಅರ್ಧ ಬಾಟಲಿ ನೀರಿನಲ್ಲಿ ಸ್ಟ್ರಾ ಎರಡು ಬೆರಳು ಮುಳುಗಿಸಿ, ಅದರೊಳಗೆ ‘ಊ’ ಅಂತ ಸ್ವರ ಹಿಡಿದು ಗುಳ್ಳೆ ಬರಿಸಿ, ಸಾ ದಿಂದ ಪ, ಪ ದಿಂದ ಸಾ. ಬಾಯಿಯ ಕಡೆಯಿಂದ ಬರುವ ಒತ್ತಡ ತಂತುಗಳ ಬಡಿತವನ್ನು ಹಗುರ ಮಾಡುತ್ತದೆ. ಪೇಪರ್ ಸ್ಟ್ರಾ ಬೇಗ ಮೆತ್ತಗಾಗುತ್ತೆ, ಒಂದು ಸ್ಟೀಲ್ ಸ್ಟ್ರಾ ಇಟ್ಟುಕೊಳ್ಳಿ. ತುಟಿ ಬುರ್ರ್ ಅನ್ನಿಸುವುದೂ ಆಗುತ್ತದೆ, ಟ್ರೇನ್ ಇಳಿದು ನಡೆಯುವಾಗ ಮಾಡಬಹುದು, ಜನ ನೋಡುತ್ತಾರೆ ಅಷ್ಟೇ. ಐದು ನಿಮಿಷ ಇದು, ಆಮೇಲೆ ಹದಿನೈದು ನಿಮಿಷ ಸ್ವರ. ದಿನಕ್ಕೆ ಇಂಥ ಎರಡು ಸರದಿ, ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ಎಷ್ಟೋ ಮೇಲು.

ರಾತ್ರಿ ಊಟ, ಬೆಳಗಿನ ಖರ್ಜ್

ಒಂಬತ್ತೂವರೆಗೆ ಮನೆ, ಹತ್ತಕ್ಕೆ ಖಾರದ ಊಟ, ಹತ್ತೂವರೆಗೆ ಹಾಸಿಗೆ, ಐದಕ್ಕೆ ಎದ್ದು ಖರ್ಜ್ ಸಾಧನೆ (ಮಂದ್ರ ಸ್ವರಗಳ ಅಭ್ಯಾಸ). ದನಿ ಬರುವುದಿಲ್ಲ ಅಂದರೆ ಹೇಗೆ ಬರುತ್ತದೆ? ಊಟ ಆದ ಕೂಡಲೇ ಮಲಗಿದರೆ ಹೊಟ್ಟೆಯ ಹುಳಿ ಗಂಟಲವರೆಗೆ ಬರುತ್ತದೆ. ಬೆಳಿಗ್ಗೆ ದನಿ ಗೊಗ್ಗರು, ಬಾಯಿ ಕಹಿ, ಮತ್ತೆ ಮತ್ತೆ ಗಂಟಲು ಕೆರೆಯಬೇಕು ಅನ್ನಿಸುವುದು, ಇವು ಅದರ ಗುರುತು. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಬಿಡುವು ಬೇಕು. ಆಗದವರು ಸಂಜೆಯೇ ಏನಾದರೂ ಹೊಟ್ಟೆ ತುಂಬ ತಿಂದು ರಾತ್ರಿ ಸ್ವಲ್ಪ ಮೊಸರನ್ನ ತಿನ್ನಿ. ಖರ್ಜ್ ಬೆಳಿಗ್ಗೆ ಐದಕ್ಕೇ ಆಗಬೇಕು ಅಂತ ಇಲ್ಲ, ಎದ್ದು ಒಂದು ಗಂಟೆ ಆದ ಮೇಲೆ ಮೆಲ್ಲಗೆ ಮಾಡಿ.

ಕುಡಿದ ನೀರು ಧ್ವನಿತಂತುಗಳಿಗೆ ತಾಗುವುದೇ ಇಲ್ಲ, ಅದು ಅನ್ನನಾಳಕ್ಕೆ ಹೋಗುತ್ತದೆ. ಮೈಯೆಲ್ಲ ಸೇರಿ ಅಲ್ಲಿಗೆ ತೇವ ತಲುಪಲು ಹೊತ್ತು ಬೇಕು, ಹಾಗಾಗಿ ಕ್ಲಾಸಿನ ಬಾಗಿಲಲ್ಲಿ ಒಂದು ಲೀಟರ್ ಕುಡಿದರೆ ಪ್ರಯೋಜನ ಇಲ್ಲ, ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯಿರಿ, ಎಸಿ ಆಫೀಸಿನವರು ಇನ್ನೂ ಸ್ವಲ್ಪ ಜಾಸ್ತಿ. ನೇರ ತಲುಪುವುದು ಹಬೆ, ಬರೀ ಬಿಸಿನೀರಿನದ್ದು ಸಾಕು. ಉಪ್ಪುನೀರು ಮುಕ್ಕಳಿಸುವುದೂ ತಂತುಗಳವರೆಗೆ ಹೋಗುವುದಿಲ್ಲ, ಮೇಲಿನ ಗಂಟಲಿಗೆ ಹಿತ ಅಷ್ಟೇ. ಜ್ಯೇಷ್ಠಮಧು ಒಂದು ಚೂರು ಬಾಯಲ್ಲಿಟ್ಟುಕೊಳ್ಳಿ, ತೊಂದರೆ ಇಲ್ಲ, ಆದರೆ ಬಿಪಿ ಇದ್ದವರು ದಿನಾ ಬೇಡ, ಅದು ಬಿಪಿ ಏರಿಸುತ್ತದೆ. ಗಂಟಲು ಮರಗಟ್ಟಿಸುವ ಗುಳಿಗೆ ಚಪ್ಪರಿಸುತ್ತಾ ಹಾಡಬೇಡಿ, ನೋವೇ ಗೊತ್ತಾಗದಿದ್ದರೆ ಯಾವಾಗ ನಿಲ್ಲಿಸುತ್ತೀರಿ? ‘ಹ್ಹಂ ಹ್ಹಂ’ ಅಂತ ಗಂಟಲು ಕೆರೆಯುವ ಬದಲು ಒಂದು ಗುಟುಕು ನೀರು ನುಂಗಿ. ಶೀತ ಆಗಿ ದನಿ ಬಿದ್ದಾಗ ಪಿಸುಮಾತೂ ಆಡಬೇಡಿ, ಸುಮ್ಮನಿರಿ.

ಡಾಕ್ಟರ ಹತ್ತಿರ

ದನಿ ಒರಟಾಗಿ ಮೂರು ವಾರ ದಾಟಿದರೆ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಿ. ಹಾಡುತ್ತಿದ್ದಾಗಲೇ ಥಟ್ಟನೆ ದನಿ ಹೋದರೆ, ರಕ್ತ ಕಂಡರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಕತ್ತಿನಲ್ಲಿ ಗಂಟು ಸಿಕ್ಕರೆ ಅಷ್ಟು ದಿನ ಕಾಯಬೇಡಿ. ಬರೀ ಟಾರ್ಚ್ ಹಾಕಿ ಬಾಯಿ ನೋಡಿದರೆ ತಂತುಗಳು ಕಾಣುವುದಿಲ್ಲ, ಸಣ್ಣ ಕ್ಯಾಮೆರಾ ಇಳಿಸಿ ನೋಡಬೇಕು, ಅದನ್ನು ಕೇಳಿ. ತಂತುಗಳ ಮೇಲೆ ಸಣ್ಣ ಗಂಟು ಅಂದ ಕೂಡಲೇ ಹೆದರಬೇಡಿ, ಬಹಳಷ್ಟು ಸಲ ಆಪರೇಷನ್ ಇಲ್ಲದೆ, ದನಿಯ ಅಭ್ಯಾಸ ತಿದ್ದುವ ಥೆರಪಿಯಿಂದಲೇ ಇಳಿಯುತ್ತದೆ. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಹೆಸರಿನ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಊರ ಕಡೆ ಹೋಗುವವರಿಗೆ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ) ಇದೆ. ಹೋಗುವಾಗ ಹಾಡುತ್ತೇನೆ ಅಂತ ಮೊದಲೇ ಹೇಳಿ, ಯಾವ ಶ್ರುತಿ, ದಿನಕ್ಕೆ ಎಷ್ಟು ಹೊತ್ತು, ಯಾವ ಸ್ವರಕ್ಕೆ ಹಿಡಿಯುತ್ತದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ, ಫೋನಿನಲ್ಲಿರುವ ಮುಂಚಿನ ಮತ್ತು ಆಮೇಲಿನ ರೆಕಾರ್ಡಿಂಗ್ ಕೇಳಿಸಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಜೋರಾಗಿ ಹಾಡಿದಾಗ ತಂತುಗಳಲ್ಲಿ ರಕ್ತ ಒಸರುವ ಅಪಾಯ ಅಂಥವರಿಗೆ ಜಾಸ್ತಿ. ಆದರೆ ಹಾಡಿಗೋಸ್ಕರ ನೀವಾಗಿ ಆ ಮಾತ್ರೆ ನಿಲ್ಲಿಸಬೇಡಿ.